ಪಾಸ್‌ವರ್ಡ್ ತಿಜೋರಿಗಳು: ಯಾವುದನ್ನು ನಂಬೋಣ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಗಾಬರಿಯಿಂದ ಮನೆಗೆ ಬಂದರು. ಅವರ ಇ-ಮೇಲ್ ವಿಳಾಸದಿಂದ ಹಳೆಯ ವಿದ್ಯಾರ್ಥಿಗಳಿಗೆಲ್ಲ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಕಳುಹಿಸಿ’ ಎಂಬ ಪತ್ರ ಹೋಗಿತ್ತು. ಪಾಪ, ಇಬ್ಬರು ಕಳುಹಿಸಿಯೂ ಇದ್ದರು. ಸೋರಿಹೋದ ಖಾತೆಗಳ ಪಟ್ಟಿಯನ್ನು ಹುಡುಕಿಕೊಡುವ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಜಾಲತಾಣದಲ್ಲಿ ಅವರ ವಿಳಾಸವನ್ನು ಕೊಟ್ಟು ನೋಡಿದೆವು. ಎಂದೋ ಒಮ್ಮೆ ಪುಸ್ತಕ ಕೊಂಡಿದ್ದ ಸಣ್ಣ ಅಂಗಡಿಯೊಂದರ ಖಾತೆ ಸೋರಿತ್ತು. ಮೇಷ್ಟ್ರು ಅಲ್ಲಿಗೂ ಇ-ಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರು. “ಅಲ್ಲಪ್ಪಾ, ನಲವತ್ತು ಕಡೆ ನಲವತ್ತು ಪಾಸ್‌ವರ್ಡ್ ಇಡು ಅಂತೀಯಲ್ಲ, ಯಾವ ತಲೆಯಲ್ಲಿ ಇಟ್ಟುಕೊಳ್ಳೋದು?” ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಪ್ರಶ್ನೆ ನ್ಯಾಯವಾದದ್ದೇ. ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂಬುದಕ್ಕೆ ಪುರಾವೆಯೂ ಇದೆ. 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಕಂಪನಿ ಅವನ್ನು ಇದ್ದದ್ದು ಇದ್ದಂತೆಯೇ ಬರೆದಿಟ್ಟಿತ್ತು. ಅವುಗಳಲ್ಲಿ ಅತಿ ಹೆಚ್ಚು ಜನ ಆರಿಸಿಕೊಂಡಿದ್ದದ್ದು 123456. ಕಳ್ಳರು ಇಂಥ ಪಟ್ಟಿಗಳನ್ನು ಕೈಯಲ್ಲಿಟ್ಟುಕೊಂಡು, ಒಂದು ಕಡೆ ಸಿಕ್ಕಿದ ಹೆಸರು ಮತ್ತು ಪಾಸ್‌ವರ್ಡ್‌ಗಳ ಜೋಡಿಯನ್ನು ನೂರು ಕಡೆ ತಾವಾಗಿಯೇ ಪ್ರಯೋಗಿಸುವ ತಂತ್ರಾಂಶಗಳನ್ನು ಬಳಸುತ್ತಾರೆ. ಮೇಷ್ಟ್ರ ಖಾತೆ ಹೋದದ್ದು ಹೀಗೆ.

ಇದಕ್ಕೆ ಪರಿಹಾರವೆಂದು ಬಂದಿರುವುದೇ ಪಾಸ್‌ವರ್ಡ್ ಮ್ಯಾನೇಜರ್. ಪ್ರತಿ ಜಾಲತಾಣಕ್ಕೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡನ್ನು ತಾನೇ ಹುಟ್ಟಿಸಿ, ಎಲ್ಲವನ್ನೂ ಒಂದು ತಿಜೋರಿಯಲ್ಲಿಟ್ಟು, ಬೇಕಾದಾಗ ತುಂಬಿಕೊಡುವ ತಂತ್ರಾಂಶ ಇದು. ನಾವು ನೆನಪಿಡಬೇಕಾದದ್ದು ತಿಜೋರಿಯ ಕೀಲಿಯಾದ ಒಂದೇ ಒಂದು ಮೂಲ ಪಾಸ್‌ವರ್ಡ್. ಈ ಕಲ್ಪನೆ ಹಳೆಯದು. ಗೂಢಲಿಪಿ ತಜ್ಞ ಬ್ರೂಸ್ ಶ್ನೈಯರ್ ‘ಪಾಸ್‌ವರ್ಡ್ ಸೇಫ್’ ಎಂಬ ಇಂಥ ತಂತ್ರಾಂಶವನ್ನು ಹೊರತಂದದ್ದು 1997ರಲ್ಲಿ. ಇಂದು ಹತ್ತಾರು ಇವೆ, ಎಲ್ಲವೂ ತಾವೇ ಭದ್ರ ಎನ್ನುತ್ತವೆ. ಆಯ್ಕೆ ಹೇಗೆ?

ತಿಜೋರಿಯ ಒಳಗೆ

ಜಾಹೀರಾತುಗಳು ‘256 ಬಿಟ್‌ಗಳ ಎಇಎಸ್ ಗೂಢಲಿಪಿ’ ಎಂದು ದಪ್ಪಕ್ಷರದಲ್ಲಿ ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಅದರಿಂದ ಆಯ್ಕೆಗೆ ಸಹಾಯವಾಗುವುದಿಲ್ಲ, ಏಕೆಂದರೆ ಹೆಸರಾಂತ ತಂತ್ರಾಂಶಗಳಲ್ಲಿ ಈ ಮಟ್ಟದ ಬೀಗ ಇದ್ದೇ ಇರುತ್ತದೆ. ಕಳ್ಳ ಬೀಗವನ್ನು ಒಡೆಯಲು ಹೋಗುವುದಿಲ್ಲ, ಕೀಲಿಯನ್ನು ಊಹಿಸುತ್ತಾನೆ.

ಆದ್ದರಿಂದ ಒಳ್ಳೆಯ ತಂತ್ರಾಂಶ ನಮ್ಮ ಮೂಲ ಪಾಸ್‌ವರ್ಡನ್ನು ನೇರವಾಗಿ ಕೀಲಿಯಾಗಿ ಬಳಸದೆ, ಅದನ್ನು ಲಕ್ಷಾಂತರ ಸುತ್ತು ಗಣಿತದ ಗಾಣದಲ್ಲಿ ಅರೆದು ಕೀಲಿಯನ್ನು ತೆಗೆಯುತ್ತದೆ. ನಮಗೆ ಇದರಿಂದ ಆಗುವ ತಡ ಒಂದು ಸೆಕೆಂಡಿನಷ್ಟೂ ಇಲ್ಲ. ಕಳ್ಳ ಮಾತ್ರ ಪ್ರತಿ ಊಹೆಗೂ ಅಷ್ಟೇ ಸುತ್ತು ಅರೆಯಬೇಕು. ಪಿಬಿಕೆಡಿಎಫ್2 ಎಂಬ ಬಳಕೆಯಲ್ಲಿರುವ ವಿಧಾನಕ್ಕೆ ತಜ್ಞರ ಸಂಘಟನೆಯಾದ ಓವಾಸ್ಪ್ 2023ರಲ್ಲಿ ಸೂಚಿಸಿದ್ದು ಕನಿಷ್ಠ 6,00,000 ಸುತ್ತು. 5,000 ಸುತ್ತಿನ ತಿಜೋರಿಯ ಮೇಲೆ ಕಳ್ಳ ಅದಕ್ಕಿಂತ 120 ಪಟ್ಟು ವೇಗವಾಗಿ ಊಹೆ ನಡೆಸಬಲ್ಲ.

ಹೀಗಾಗಿ ನಾನು ಈ ತಂತ್ರಾಂಶಗಳನ್ನು ಮೂರೇ ಪ್ರಶ್ನೆಗಳಿಂದ ಒರೆಗೆ ಹಚ್ಚುತ್ತೇನೆ. ತಿಜೋರಿ ಎಲ್ಲಿದೆ? ಅದು ಕಳ್ಳನ ಕೈಗೆ ಸಿಕ್ಕರೆ ಏನಾಗುತ್ತದೆ? ನಾಳೆ ನಾನಿಲ್ಲದಿದ್ದರೆ, ಅಥವಾ ಕಂಪನಿಯೇ ಇಲ್ಲದಿದ್ದರೆ, ಮನೆಯವರಿಗೆ ಅದು ತೆರೆಯುತ್ತದೆಯೇ? ಚಂದದ ಗುಂಡಿಗಳು, ಬಣ್ಣ, ಹೆಚ್ಚುವರಿ ಸೌಲಭ್ಯಗಳೆಲ್ಲ ಆಮೇಲಿನ ಮಾತು.

ಲಾಸ್ಟ್‌ಪಾಸ್ ಕಲಿಸಿದ ಪಾಠ

2008ರಲ್ಲಿ ಬಂದ ಲಾಸ್ಟ್‌ಪಾಸ್ ಒಂದು ಕಾಲಕ್ಕೆ ಎಲ್ಲರೂ ಶಿಫಾರಸು ಮಾಡುತ್ತಿದ್ದ ಹೆಸರು. 2022ರ ಆಗಸ್ಟ್‌ನಲ್ಲಿ ಅದರ ಗಣಕಜಾಲಕ್ಕೆ ಕನ್ನ ಬಿತ್ತು. ಗ್ರಾಹಕರ ತಿಜೋರಿಗಳ ನಕಲುಗಳೇ ಕಳುವಾಗಿವೆ ಎಂದು ಕಂಪನಿ ಒಪ್ಪಿಕೊಂಡದ್ದು ಅದೇ ಡಿಸೆಂಬರ್‌ನಲ್ಲಿ. ಕಂಪನಿಯ ಒಬ್ಬ ಎಂಜಿನಿಯರ್‌ನ ಮನೆಯ ಗಣಕದ ಮೂಲಕ ಕಳ್ಳರು ಒಳಹೊಕ್ಕಿದ್ದರು.

ಕಳವು ಯಾರಿಗಾದರೂ ಆಗಬಹುದು, ಅದಕ್ಕಾಗಿ ನಾನು ಈ ತಂತ್ರಾಂಶವನ್ನು ದೂರುವುದಿಲ್ಲ. ಕಳವಾದ ಮೇಲೆ ಬಯಲಾದದ್ದೇ ದೊಡ್ಡ ದೋಷ. ತಿಜೋರಿಯೊಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ, ಜಾಲತಾಣಗಳ ವಿಳಾಸಗಳು ತೆರೆದೇ ಇದ್ದವು. ಅಂದರೆ ಯಾರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ಕಳ್ಳ ಬೀಗ ತೆಗೆಯದೆಯೇ ಓದಬಹುದಿತ್ತು. 2018ರಿಂದ ಸುತ್ತುಗಳ ಸಂಖ್ಯೆಯನ್ನು 1,00,100ಕ್ಕೆ ಏರಿಸಿದ್ದರೂ, ಹಲವು ಹಳೆಯ ಖಾತೆಗಳು 5,000 ಅಥವಾ ಅದಕ್ಕೂ ಕಡಿಮೆ ಸುತ್ತಿನಲ್ಲೇ ಉಳಿದಿದ್ದವು. ಹನ್ನೆರಡು ಅಕ್ಷರದ ಮೂಲ ಪಾಸ್‌ವರ್ಡ್ ಇರಲೇಬೇಕೆಂದು ಹಳೆಯ ಗ್ರಾಹಕರನ್ನು ಕಡ್ಡಾಯಪಡಿಸಿದ್ದು 2024ರಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ! ಹಳೆಯ ಗ್ರಾಹಕ ನಂಬಿ ಸುಮ್ಮನಿದ್ದ, ಅವನ ಬೀಗವನ್ನು ಹೊಸದಾಗಿಸುವ ಹೊಣೆಯನ್ನು ಕಂಪನಿ ಹೊರಲಿಲ್ಲ. ಎರಡನೆಯ ಪ್ರಶ್ನೆಯಲ್ಲಿ ಲಾಸ್ಟ್‌ಪಾಸ್ ಸೋತಿತು. ಹೊಸಬರಿಗೆ ನಾನು ಇದನ್ನು ಸೂಚಿಸಲಾರೆ.

ಉಳಿದ ನಾಲ್ವರು

*ಕೀಪಾಸ್:* ಜರ್ಮನಿಯ ಡೊಮಿನಿಕ್ ರೈಕ್ಲ್ 2003ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ಇದರ ಹಾದಿಯಲ್ಲೇ ಬಂದ ಕೀಪಾಸ್‌ಎಕ್ಸ್‌ಸಿ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಇಲ್ಲಿ ತಿಜೋರಿ ಎಂದರೆ ನಿಮ್ಮ ಗಣಕದಲ್ಲಿರುವ ಒಂದು ಕಡತ, ಅಷ್ಟೆ. ಯಾವ ಕಂಪನಿಯ ಸರ್ವರಿಗೂ ಹೋಗುವುದಿಲ್ಲ, ಹಣ ಕೊಡಬೇಕಿಲ್ಲ. ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ದೋಷಗಳೇ ಇಲ್ಲವೆಂದಲ್ಲ. 2023ರಲ್ಲಿ ಮೂಲ ಕೀಪಾಸ್‌ನ ಪಾಸ್‌ವರ್ಡನ್ನು ಗಣಕದ ಸ್ಮೃತಿಯಿಂದ ಹೆಕ್ಕಬಹುದಾದ ಬಿರುಕೊಂದು ಪತ್ತೆಯಾಗಿ, 2.54ನೇ ಆವೃತ್ತಿಯಲ್ಲಿ ಮುಚ್ಚಲಾಯಿತು. ನಿಜವಾದ ತೊಂದರೆ ಬೇರೆ: ಕಡತವನ್ನು ಮೊಬೈಲಿಗೆ ಒಯ್ಯುವುದು, ಎರಡೂ ಕಡೆ ಹೊಂದಿಸುವುದು, ನಕಲು ಮಾಡಿಡುವುದು ಎಲ್ಲವೂ ನಮ್ಮದೇ ಕೆಲಸ. ಹಾರ್ಡ್‌ಡಿಸ್ಕ್ ಕೆಟ್ಟ ದಿನ ನಕಲಿಲ್ಲದಿದ್ದರೆ ಎಲ್ಲವೂ ಹೋದಂತೆ.

*ಬಿಟ್‌ವಾರ್ಡನ್:* 2016ರಲ್ಲಿ ಬಂದದ್ದು. ತಿಜೋರಿ ಕಂಪನಿಯ ಸರ್ವರಿನಲ್ಲಿರುತ್ತದೆ, ಗೂಢಲಿಪಿಗೆ ತಿರುಗುವುದು ಮಾತ್ರ ನಮ್ಮ ಗಣಕದಲ್ಲೇ. ಜಾಲತಾಣಗಳ ವಿಳಾಸಗಳೂ ಗೂಢಲಿಪಿಯಲ್ಲೇ ಇರುತ್ತವೆ. ಮೂಲ ಸಂಕೇತ ಎಲ್ಲರ ಪರಿಶೀಲನೆಗೆ ತೆರೆದಿದೆ. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್‌ಗಳನ್ನಾದರೂ, ಎಷ್ಟು ಸಾಧನಗಳಲ್ಲಾದರೂ ಬಳಸಬಹುದು. 2023ರಲ್ಲಿ ಇದೂ ಹೊಸ ಖಾತೆಗಳಿಗೆ 6,00,000 ಸುತ್ತನ್ನು ನಿಗದಿಪಡಿಸಿತು. ಅದಕ್ಕೂ ಹಿಂದೆ ಖಾತೆ ತೆರೆದವರು ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ಸಂಖ್ಯೆಯನ್ನು ನೋಡಿಕೊಳ್ಳುವುದು ಒಳಿತು.

*ಒನ್‌ಪಾಸ್‌ವರ್ಡ್:* ಕೆನಡಾ ದೇಶದ್ದು. ಮೂಲ ಪಾಸ್‌ವರ್ಡ್ ಜೊತೆಗೆ, ನಮ್ಮ ಸಾಧನದಲ್ಲೇ ಹುಟ್ಟಿ ಕಂಪನಿಗೆ ತಿಳಿಯದೇ ಉಳಿಯುವ 128 ಬಿಟ್‌ಗಳ ಇನ್ನೊಂದು ರಹಸ್ಯ ಕೀಲಿ ಇದರ ವಿಶೇಷ. ತಿಜೋರಿಯ ನಕಲು ಕಳುವಾದರೂ ಎರಡನೆಯ ಕೀಲಿ ಇಲ್ಲದೆ ಊಹೆಯಿಂದ ತೆರೆಯಲಾಗದು. ತುರ್ತು ಬಳಕೆಗೆಂದು ವಿವರಗಳನ್ನೆಲ್ಲ ಒಂದು ಹಾಳೆಯಲ್ಲಿ ಮುದ್ರಿಸಿಕೊಡುತ್ತದೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತಮ ಉತ್ತರ. ಆದರೆ ಉಚಿತವಲ್ಲ, ಚಂದಾ ಕಟ್ಟುತ್ತಲೇ ಇರಬೇಕು.

*ಬ್ರೌಸರಿನದೇ ತಿಜೋರಿ:* ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಆಪಲ್ ಸಾಧನಗಳಲ್ಲೂ ಪಾಸ್‌ವರ್ಡ್ ಉಳಿಸುವ ವ್ಯವಸ್ಥೆ ಇದೆ. ಇದನ್ನು ಹಗುರವಾಗಿ ಕಾಣುವುದು ವಾಡಿಕೆ, ನಾನು ಹಾಗೆ ಹೇಳಲಾರೆ. ಎಲ್ಲೆಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಲ್ಲಿ ಬೇರೆ ಕೀಲಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಗಣಕಕ್ಕೆ ಲಾಗಿನ್ ಆದವರಿಗೆ ತಿಜೋರಿಯೂ ತೆರೆದಂತೆ. ಒಂದೇ ಗಣಕವನ್ನು ಮನೆಮಂದಿಯೆಲ್ಲ ಬಳಸುವ ಕಡೆ, ಕಚೇರಿಯಲ್ಲಿ, ಸೈಬರ್ ಕೆಫೆಯಲ್ಲಿ ಇದು ಸಲ್ಲದು.

ತಾನೇ ತುಂಬಿಕೊಡುವ ಸೌಲಭ್ಯದ ಬಗ್ಗೆ ಒಂದು ಮಾತು. 2014ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಜಾಲಾಧಾರಿತ ಐದು ಪಾಸ್‌ವರ್ಡ್ ಮ್ಯಾನೇಜರ್‌ಗಳನ್ನು ಪರೀಕ್ಷಿಸಿದಾಗ, ನಾಲ್ಕರಲ್ಲಿ ಪಾಸ್‌ವರ್ಡ್ ಕದಿಯಬಹುದಾದ ದೋಷಗಳು ಸಿಕ್ಕಿದ್ದವು. ಆದ್ದರಿಂದ ಪುಟ ತೆರೆದೊಡನೆ ತುಂಬದಂತೆ, ನಾವು ಒತ್ತಿದಾಗ ಮಾತ್ರ ತುಂಬುವಂತೆ ಇಟ್ಟುಕೊಳ್ಳಬೇಕು. ಆದರೆ ಇದೇ ಸೌಲಭ್ಯ ದೊಡ್ಡ ಕಾವಲೂ ಹೌದು. ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟ ನಮ್ಮ ಕಣ್ಣನ್ನು ಮೋಸಗೊಳಿಸಬಹುದು. ತಂತ್ರಾಂಶ ನೋಡುವುದು ಪುಟದ ರೂಪವನ್ನಲ್ಲ, ವಿಳಾಸವನ್ನು. ಒಂದಕ್ಷರ ಬೇರೆಯಾದರೂ ಅದು ಪಾಸ್‌ವರ್ಡನ್ನು ಮುಂದಿಡುವುದಿಲ್ಲ. ಹಾಗೆ ಅದು ಸುಮ್ಮನಿದ್ದಾಗ ನಾವೇ ನಕಲು ಮಾಡಿ ತುಂಬಲು ಹೋಗದೆ, ವಿಳಾಸವನ್ನು ಇನ್ನೊಮ್ಮೆ ಓದಬೇಕು.

ಕೀಲಿ ಮಾಡಿಕೊಳ್ಳುವ ಬಗೆ

ಯಾವ ತಿಜೋರಿಯಾದರೂ ಮೂಲ ಪಾಸ್‌ವರ್ಡ್ ದುರ್ಬಲವಾದರೆ ವ್ಯರ್ಥ. ಮಗಳ ಹೆಸರು, ಹುಟ್ಟಿದ ವರ್ಷ, ಮನೆದೇವರು ಯಾವುದೂ ಬೇಡ. ಒಂದು ಮನೆಯ ವಿಧಾನ ಹೇಳುತ್ತೇನೆ. ಸಾವಿರ ಪುಟ ಮೀರಿದ ಕನ್ನಡ ನಿಘಂಟೊಂದನ್ನು ತೆಗೆದುಕೊಳ್ಳಿ. 0ಯಿಂದ 9ರವರೆಗಿನ ಹತ್ತು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿ. ಒಂದು ಚೀಟಿ ಎತ್ತಿ, ಅಂಕಿ ಬರೆದುಕೊಂಡು, ಮತ್ತೆ ಒಳಗೆ ಹಾಕಿ. ಹೀಗೆ ಮೂರು ಸಲ ಎತ್ತಿದರೆ ಪುಟಸಂಖ್ಯೆ, 000 ಬಂದರೆ ಸಾವಿರನೆಯ ಪುಟ. ನಾಲ್ಕನೆಯ ಅಂಕಿ ಆ ಪುಟದಲ್ಲಿ ಮೇಲಿನಿಂದ ಎಷ್ಟನೆಯ ಪದ ಎಂಬುದು, 0 ಎಂದರೆ ಹತ್ತನೆಯದು. ಹೀಗೆ ಐದು ಪದ ಆರಿಸಿ.

ಪ್ರತಿ ಪದಕ್ಕೂ 10,000 ಸಾಧ್ಯತೆ, ಐದಕ್ಕೆ ಒಂದರ ಮುಂದೆ ಇಪ್ಪತ್ತು ಸೊನ್ನೆ. ಕಳ್ಳ ಸೆಕೆಂಡಿಗೆ ಒಂದು ಕೋಟಿ ಊಹೆ ಮಾಡುತ್ತಾನೆಂದು ಇಟ್ಟುಕೊಂಡರೂ ಎಲ್ಲವನ್ನೂ ಮುಗಿಸಲು ಮೂರು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಅದೇ ವೇಗದಲ್ಲಿ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ಆರು ಗಂಟೆಯೊಳಗೆ ಮುಗಿಯುತ್ತದೆ. ಪದ ಇಷ್ಟವಾಗಲಿಲ್ಲವೆಂದು ಬೇರೆ ಆರಿಸಬಾರದು. ಚೀಟಿ ಆರಿಸಬೇಕು, ಮನಸ್ಸಲ್ಲ. ಒರಳು, ಕೊಡಲಿ, ಗರಿಕೆಯಂಥ ಪದಗಳು ಬಂದರೆ ಒಂದು ಹುಚ್ಚು ಕಥೆ ಕಟ್ಟಿ ನೆನಪಿಡಬಹುದು.

ಈ ಪದಗಳನ್ನು ರೋಮನ್ ಅಕ್ಷರಗಳಲ್ಲೇ ಬೆರಳಚ್ಚಿಸಿ. ಕನ್ನಡ ಲಿಪಿಯಲ್ಲಿ ‘ಕೊ’ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ ಆಗಬಹುದು. ಕೀಲಿಮಣೆ ಬದಲಾದ ದಿನ ನಮ್ಮ ತಿಜೋರಿ ನಮಗೇ ತೆರೆಯದಿರುವ ಅಪಾಯವಿದೆ.

ಕೊನೆಯ ಮಾತು

ಹೆಚ್ಚಿನ ಓದುಗರಿಗೆ ನನ್ನ ಸಲಹೆ ಬಿಟ್‌ವಾರ್ಡನ್. ಒಂದೇ ಗಣಕದಲ್ಲಿ ಕೆಲಸ ಮಾಡುವ, ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ನಕಲು ಮಾಡುವ ಶಿಸ್ತಿರುವವರಿಗೆ ಕೀಪಾಸ್‌ಎಕ್ಸ್‌ಸಿ. ಹಣ ಕೊಡಬಲ್ಲ ಕುಟುಂಬಕ್ಕೆ ಒನ್‌ಪಾಸ್‌ವರ್ಡ್. ಏನೂ ಬೇಡವೆನ್ನುವವರು, ಬೀಗ ಹಾಕಿದ ಸ್ವಂತ ಮೊಬೈಲಿನಲ್ಲಿ ಬ್ರೌಸರಿನದನ್ನೇ ಬಳಸಲಿ. ಯುಪಿಐ ಪಿನ್ ಮಾತ್ರ ತಲೆಯಲ್ಲೇ ಇರಲಿ. ಇ-ಮೇಲ್ ಖಾತೆಗೆ ಎರಡನೆಯ ಹಂತದ ದೃಢೀಕರಣವನ್ನೂ ಹಾಕಿ, ಅದರ ಸಂಕೇತವನ್ನು ಇದೇ ತಿಜೋರಿಯಲ್ಲಿ ಇಡಬೇಡಿ. ವೈರಸ್ ಹೊಕ್ಕ ಗಣಕದಲ್ಲಿ ತೆರೆದ ತಿಜೋರಿಯನ್ನು ಯಾವ ತಂತ್ರಾಂಶವೂ ಕಾಯಲಾರದು ಎಂಬುದೂ ನೆನಪಿರಲಿ.

ಮೂರನೆಯ ಪ್ರಶ್ನೆಯನ್ನು ನಾವು ಮರೆಯುವುದೇ ಹೆಚ್ಚು. ಮೂಲ ಪಾಸ್‌ವರ್ಡ್ ಮರೆತರೆ ಕಂಪನಿಯೂ ತೆರೆದುಕೊಡಲಾರದು. ಅದೇ ಈ ತಿಜೋರಿಗಳ ಬಲ, ಅದೇ ಅಪಾಯ. ಮೇಷ್ಟ್ರು ಐದು ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಮನೆಪತ್ರಗಳ ಜೊತೆ ಬೀರುವಿನಲ್ಲಿಟ್ಟು ಮಗಳಿಗೆ ತಿಳಿಸಿದ್ದಾರೆ. ಅಂತರಜಾಲದ ಕಳ್ಳನಿಗೆ ಬೀರುವಿನೊಳಗಿನ ಕಾಗದ ಸಿಗುವುದಿಲ್ಲ. ನೀವು ಯಾವ ತಂತ್ರಾಂಶವನ್ನು ಆರಿಸಿದರೂ, ಮೊದಲ ದಿನವೇ ಆ ಲಕೋಟೆಯನ್ನು ಸಿದ್ಧಮಾಡಿ. ನಂತರ ಇ-ಮೇಲ್, ಆಮೇಲೆ ಬ್ಯಾಂಕು, ಉಳಿದವು ದಿನಕ್ಕೆರಡರಂತೆ. ಒಂದು ತಿಂಗಳಲ್ಲಿ ನಲವತ್ತು ಕಡೆಗೂ ನಲವತ್ತು ಪಾಸ್‌ವರ್ಡ್ ಆಗಿರುತ್ತವೆ, ತಲೆಗೆ ಭಾರವಿಲ್ಲದೆ.