ಗೊರಸು ನೊಂದರೆ ಬೆನ್ನು ಬಾಗದು

ಕಡಲು ಇಳಿದ ಹೊತ್ತಿನಲ್ಲಿ ಹಸಿ ಮರಳಿನ ಮೇಲೆ ಕುದುರೆಯೊಂದನ್ನು ಐವತ್ತು ಮಾರು ನಡೆಸಿ, ಆಮೇಲೆ ಹಿಂತಿರುಗಿ ಅದರ ಹೆಜ್ಜೆಗಳನ್ನೇ ನೋಡುತ್ತ ಬನ್ನಿ. ಕುದುರೆ ಕೊಳ್ಳಲು ಹೊರಟವರಿಗೂ, ಇದ್ದ ಕುದುರೆ ಯಾಕೋ ಹದ ತಪ್ಪಿದೆ ಎಂದು ಚಿಂತೆಗೆ ಬಿದ್ದವರಿಗೂ ನಾನು ಮೊದಲು ಹೇಳುವುದು ಇದನ್ನೇ. ಇದಕ್ಕೆ ಕಾಸು ಖರ್ಚಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಇಂಥ ಗಟ್ಟಿ, ನುಣುಪು ಮರಳು ದಿನಕ್ಕೆರಡು ಬಾರಿ ಹೊಸದಾಗಿ ಹಾಸಿಕೊಳ್ಳುತ್ತದೆ.

ಕಳೆದ ಡಿಸೆಂಬರಿನಲ್ಲಿ ಹೊನ್ನಾವರದ ದಕ್ಷಿಣಕ್ಕಿರುವ ಒಂದು ಕಡಲತೀರದಲ್ಲಿ ನಾನು ಹಾಗೆ ಹೆಜ್ಜೆ ನೋಡಿದ್ದು ಒಂದು ಕಂದು ಹೆಣ್ಣು ಕುದುರೆಯದ್ದು. ಏಳೆಂಟು ವರ್ಷದ ಪ್ರಾಯ, ಚೆಂದದ ಕಣ್ಣು, ಪ್ರವಾಸಿಗರ ಮಕ್ಕಳನ್ನು ಕೂರಿಸಿಕೊಂಡು ಅರ್ಧ ಫರ್ಲಾಂಗು ಹೋಗಿ ಬರುವ ಕೆಲಸ. ಅದನ್ನು ಸಾಕಿದ ಹುಡುಗ ಹೊಟ್ಟೆಪಟ್ಟಿ ಬಿಗಿಯಲು ಕೈ ಹಾಕಿದಾಗಲೆಲ್ಲ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಿತ್ತು. ಬೆನ್ನ ಮೇಲೆ ಅಂಗೈ ಇಟ್ಟರೆ ಚರ್ಮ ಅದುರುತ್ತಿತ್ತು.

“ಸೊಕ್ಕು ಸರ್ ಇದ್ಕೆ. ಜೀನು ಎರಡು ಸಲ ಬದ್ಲಿ ಮಾಡ್ದೆ, ಕೆಳಗೆ ಕಂಬ್ಳಿ ಹಾಕ್ದೆ. ಎಂಥ ಮಾಡಿದ್ರೂ ಇಷ್ಟೇಯ” ಎಂದ.

“ಜೀನು ಬಿಚ್ಚು ತಮ್ಮಾ. ಬರೀ ಮೈಯಲ್ಲಿ ನೀರಿನ ಅಂಚಿಗೆ ಒಮ್ಮೆ ನಡೆಸು” ಎಂದೆ.

ನೆಮ್ಮದಿಯಿಂದ ನಡೆಯುವ ಕುದುರೆಯ ಹಿಂಗಾಲು ಅದೇ ಬದಿಯ ಮುಂಗಾಲು ಬಿಟ್ಟ ಗುರುತಿನ ಮೇಲೆ, ಇಲ್ಲವೇ ಅದನ್ನು ದಾಟಿ ಮುಂದಕ್ಕೆ ಬೀಳುತ್ತದೆ. ಇದರದ್ದು ಹಿಂದೆಯೇ ಉಳಿದಿತ್ತು. ಕೂತು ಅಳೆದೆ, ಸರಿಯಾಗಿ ಒಂದು ಗೇಣು. ಮುಂಗಾಲಿನ ಗುರುತು ಇನ್ನೂ ಸ್ಪಷ್ಟ. ಗೊರಸಿನ ಮುಂತುದಿ ಮರಳನ್ನು ಅಗೆದು ಒಳಹೊಕ್ಕಿತ್ತು, ಹಿಮ್ಮಡಿಯ ಜಾಗದಲ್ಲಿ ಮರಳು ಕದಡಿಯೇ ಇರಲಿಲ್ಲ. ಆರೋಗ್ಯವಂತ ಕುದುರೆ ಹಿಮ್ಮಡಿಯನ್ನು ಕೂದಲೆಳೆಯಷ್ಟು ಮೊದಲು ಊರುತ್ತದೆ, ಇಲ್ಲವೇ ಅಂಗಾಲನ್ನು ಪೂರ್ತಿ ಸಮನಾಗಿ ಇಡುತ್ತದೆ. ತುದಿಗಾಲಲ್ಲಿ ಇಳಿಯುವ ಕುದುರೆ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಲು ಹೆದರುತ್ತಿದೆ ಎಂದೇ ಅರ್ಥ.

ಕಾಲೆತ್ತಿ ನೋಡಿದೆ. ಗೊರಸಿನ ಅಡಿಯಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗಿ ಚಾಚಿದ ಮುಕ್ಕೋನದ ರಬ್ಬರಿನಂಥ ಭಾಗವೊಂದಿದೆ. ಇಂಗ್ಲಿಷಿನವರು ಅದನ್ನು ಫ್ರಾಗ್ ಎನ್ನುತ್ತಾರೆ. ಕುದುರೆಯ ಮೈಭಾರ ಬಿದ್ದಾಗ ಮೆತ್ತೆಯಂತೆ ಒತ್ತಿಸಿಕೊಂಡು ಏಟನ್ನು ಹೀರುವ ಭಾಗಗಳಲ್ಲಿ ಅದೂ ಒಂದು. ಈ ಕುದುರೆಯಲ್ಲಿ ಅದು ಸೊರಗಿ, ನಡುವಿನ ಸೀಳು ಆಳಕ್ಕಿಳಿದಿತ್ತು. ಅಕ್ಕಪಕ್ಕದ ಚಡಿಗಳಲ್ಲಿ ಕಪ್ಪು ಲೋಳೆ. ಕೊಳೆತ ವಾಸನೆ ಮೂಗಿಗೆ ಹೊಡೆಯಿತು. ಸೀಳಿಗೆ ಹೆಬ್ಬೆರಳು ಒತ್ತಿದ್ದೇ ತಡ, ಕಾಲು ಕಿತ್ತುಕೊಂಡಿತು. ಗೊರಸಿನ ಮುಂಭಾಗ ಹಳೆಯ ಜೋಡಿನ ಮೂತಿಯ ಹಾಗೆ ಉದ್ದಕ್ಕೆ ಬೆಳೆದು, ಹಿಮ್ಮಡಿ ಕುಸಿದು ಮುಂದಕ್ಕೆ ಸರಿದಿತ್ತು. ಲಾಳವನ್ನು ಎತ್ತಿಗೆ ಲಾಳ ಕಟ್ಟುವವರೊಬ್ಬರ ಕೈಯಲ್ಲಿ ಹೊಡೆಸಿ ನಾಲ್ಕು ತಿಂಗಳಾಗಿತ್ತಂತೆ. ಅವರನ್ನು ದೂರಲಾರೆ. ಎತ್ತಿನ ಗೊರಸು ಸೀಳು ಗೊರಸು, ಅದಕ್ಕೆ ಎರಡು ತುಂಡಿನ ತಗಡು ಸಾಕು. ಹಗ್ಗ ಹಾಕಿ ಕೆಡವಿ ಹೊಡೆದರೆ ಮುಗಿಯಿತು. ಕುದುರೆಗೆ ಹಾಗಲ್ಲ. ಅದನ್ನು ನಿಲ್ಲಿಸಿ, ನಿಂತ ನಿಲುವು ನೋಡಿ, ನಡೆಸಿ, ಆಮೇಲೆ ಉಳಿ ಹಿಡಿಯಬೇಕು.

ಹುಡುಗನಿಗೆ ನಂಬಿಕೆ ಬರಲಿಲ್ಲ. ಕಚ್ಚುವುದು ಬೆನ್ನು ಮುಟ್ಟಿದರೆ, ಇವರು ನೋಡುವುದು ಕಾಲು! ಮೂವತ್ತು ವರ್ಷದ ಹಿಂದೆ ನಾನೂ ಹೀಗೆಯೇ ಯೋಚಿಸಿ ಒಂದು ಒಳ್ಳೆಯ ಕುದುರೆಯನ್ನು ಎರಡು ವರ್ಷ ಗೋಳಾಡಿಸಿದ್ದೇನೆ. ಆ ನೋವು ಇಂದಿಗೂ ಇದೆ, ಈ ಅಂಕಣದಲ್ಲಿ ಗೊರಸಿನ ಮಾತು ಮತ್ತೆ ಮತ್ತೆ ಬರಲು ಅದೂ ಒಂದು ಕಾರಣ.

ನಮ್ಮ ಅಂಗಾಲಿಗೆ ಮುಳ್ಳು ಚುಚ್ಚಿದಾಗ ಏನಾಗುತ್ತದೆ? ಹಿಮ್ಮಡಿ ಎತ್ತಿ ಕುಂಟುತ್ತೇವೆ. ಸಂಜೆಗೆ ಸೊಂಟ ಹಿಡಿಯುತ್ತದೆ, ಮಾರನೆಯ ದಿನ ಹೆಗಲೂ ಬಿಗಿಯುತ್ತದೆ. ಮುಳ್ಳು ಇರುವುದು ಕಾಲಲ್ಲೇ. ಕುದುರೆಯಲ್ಲಿ ಇದು ಇನ್ನಷ್ಟು ತೀವ್ರ. ಅದಕ್ಕೆ ನಮಗಿರುವಂಥ ಕಾಲರ್ ಬೋನ್ ಇಲ್ಲ. ಎದೆಗೂಡನ್ನು ಮುಂಗಾಲಿಗೆ ಜೋಡಿಸುವ ಎಲುಬಿನ ಕೀಲೇ ಇಲ್ಲದ್ದರಿಂದ ಮುಂಡವಿಡೀ ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಮೈಭಾರದ ನೂರಕ್ಕೆ ಅರವತ್ತರಷ್ಟು ಹೊರುವುದು ಆ ಮುಂಗಾಲುಗಳೇ. ನಾಗಾಲೋಟದಲ್ಲಿ ಒಂದೇ ಕಾಲಿನ ಮೇಲೆ ಬೀಳುವ ಬಲ ಕುದುರೆಯ ತೂಕದ ಎರಡು ಪಟ್ಟನ್ನೂ ದಾಟುತ್ತದೆ. ಹಿಮ್ಮಡಿ ನೋಯುವ ಕುದುರೆ ಆ ಏಟಿಗೆ ಮೊದಲೇ ಮೈ ಬಿಗಿಹಿಡಿಯುತ್ತದೆ. ಭುಜ ಬಿರುಸಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ತಲೆ ಮೇಲೇರುತ್ತದೆ. ಜೋಲಿ ಸಡಿಲಬಿಟ್ಟು ಏಟು ತಾಳಬೇಕಾದ ಸ್ನಾಯು ಬಿಗಿದೇ ಇರುವುದರಿಂದ ಬೆನ್ನು ಮೇಲೆದ್ದು ಬಾಗುವ ಬದಲು ತಗ್ಗಾಗಿ ಹಲಗೆಯಂತೆ ನಿಲ್ಲುತ್ತದೆ. ಜೀನಿನ ಎರಡೂ ಬದಿಗೆ ಓಡುವ ಉದ್ದನೆಯ ಬೆನ್ನಸ್ನಾಯು ಇಡೀ ದಿನ ಸೆಟೆದುಕೊಂಡಿರುತ್ತದೆ. ಅಂಥ ಸ್ನಾಯುವಿನ ಮೇಲೆ ಯಾವ ಜೀನು ಇಟ್ಟರೂ ಅದು ಒತ್ತಿಯೇ ಒತ್ತುತ್ತದೆ. ಕಂಬಳಿ ಹಾಕಿದರೆ ಇನ್ನೂ ಒತ್ತುತ್ತದೆ.

ಇದು ಅನುಭವಿಗಳ ಊಹೆ ಮಾತ್ರ ಎಂದುಕೊಳ್ಳಬೇಡಿ. 2007ರ ಸುಮಾರಿಗೆ ಯುರೋಪಿನ ಸಂಶೋಧಕರು ಆರೋಗ್ಯವಂತ ಕುದುರೆಗಳ ಲಾಳದಲ್ಲಿ ಸ್ಕ್ರೂ ಅಳವಡಿಸಿ ಅಂಗಾಲಿಗೆ ತುಸುವೇ ಒತ್ತಡ ಕೊಟ್ಟು, ಟ್ರೆಡ್‌ಮಿಲ್ ಮೇಲೆ ನಡೆಸಿ ಬೆನ್ನಿನ ಚಲನೆಯನ್ನು ಅಳೆದರು. ಕುಂಟು ಎದ್ದು ಕಾಣದಷ್ಟು ಸಣ್ಣದಿದ್ದಾಗಲೂ ಬೆನ್ನಿನ ಚಲನೆ ಬದಲಾಗಿತ್ತು. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಲೀನೆ ಗ್ರೇವ್ 2013ರಲ್ಲಿ ತೋರಿಸಿದ್ದು ಇನ್ನೊಂದು ಮುಖ: ಜೀನು ಸದಾ ಒಂದೇ ಬದಿಗೆ ಜಾರುವ ಕುದುರೆಗಳಲ್ಲಿ ಹಿಂಗಾಲಿನ ಕುಂಟು ಹಲವೊಮ್ಮೆ ಅಡಗಿರುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಆ ಕಾಲಿನ ನೋವು ಕಳೆದಾಗ, ಅದೇ ಜೀನು, ಅದೇ ಸವಾರ ಇದ್ದೂ ಬಹುತೇಕ ಎಲ್ಲ ಕುದುರೆಗಳಲ್ಲಿ ಜೀನು ಜಾರುವುದು ನಿಂತಿತು. ಮುಂದೆ 2018ರಲ್ಲಿ ಡೈಸನ್ ಸವಾರಿಯ ವೇಳೆ ಕುದುರೆ ತೋರುವ 24 ವರ್ತನೆಗಳ ಪಟ್ಟಿಯನ್ನೇ ಪ್ರಕಟಿಸಿದರು. ಕಿವಿ ಮಡಚುವುದು, ಬಾಯಿ ತೆರೆಯುವುದು, ಬಾಲ ಬೀಸುವುದು, ಮುಂದೆ ಹೋಗಲು ಒಲ್ಲೆನ್ನುವುದು ಎಲ್ಲ ಅದರಲ್ಲಿದೆ. 8 ಅಥವಾ ಹೆಚ್ಚು ಕಂಡರೆ ಎಲ್ಲೋ ನೋವಿದೆ ಎಂದು ಹುಡುಕಬೇಕು. ನಾವು ಸೊಕ್ಕು ಎಂದು ಕರೆಯುವುದರಲ್ಲಿ ಹೆಚ್ಚಿನದು ಆ ಪಟ್ಟಿಯಲ್ಲಿ ಸಿಗುತ್ತದೆ.

ಹಿಂಗಾಲಿನ ಗೊರಸಿನ ಬಗ್ಗೆ ಒಂದು ಮಾತು. ಅಲ್ಲಿ ಹಿಮ್ಮಡಿ ಕುಸಿದರೆ ಕುದುರೆ ಹಿಂಗಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ನಿಲ್ಲುತ್ತದೆ, ಸೊಂಟ ಮತ್ತು ಪಿರ್ರೆಯ ಸ್ನಾಯುಗಳು ಗಂಟುಕಟ್ಟುತ್ತವೆ. ಏರು ಹತ್ತಿಸಲು ಹೋದರೆ ಹಿಂದಿನಿಂದ ದೂಡುವ ಬಲವೇ ಇರುವುದಿಲ್ಲ. ಸವಾರ ಹಿಮ್ಮಡಿ ಒತ್ತುತ್ತಾನೆ, ಚಾಟಿ ಎತ್ತುತ್ತಾನೆ. ಎರಡೂ ತಪ್ಪು.

ಈ ಕರಾವಳಿಗೆ ಕುದುರೆ ಹೊಸತಲ್ಲ. ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ಇಳಿದಾಗಲೇ ಅರಬ್ ಕಡಲಿನ ವ್ಯಾಪಾರ ಇಲ್ಲಿ ಬೇರೂರಿತ್ತು. ವಿಜಯನಗರಕ್ಕೆ ಯುದ್ಧದ ಕುದುರೆ ಬರುತ್ತಿದ್ದ ಹೆಬ್ಬಾಗಿಲುಗಳಲ್ಲಿ ಭಟ್ಕಳ, ಹೊನ್ನಾವರ ಎರಡೂ ಸೇರಿದ್ದವು. ಪರ್ಷಿಯಾ ಕೊಲ್ಲಿಯ ಬಾಯಿಯಲ್ಲಿರುವ ಹೊರ್ಮುಜಿನ ಹಡಗುಗಳು ಭಟ್ಕಳಕ್ಕೆ ಕುದುರೆ, ಮುತ್ತು ತಂದು ಅಕ್ಕಿ, ಸಕ್ಕರೆ, ಕಬ್ಬಿಣ ಹೇರಿಕೊಂಡು ಮರಳುತ್ತಿದ್ದುದನ್ನು 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಡುವಾರ್ತೆ ಬಾರ್ಬೋಸ ಬರೆದಿಟ್ಟಿದ್ದಾನೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್ ಹೇಳುವಂತೆ, ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಅಲ್ಲಿನ ಹಿಂದಿನ ಅರಸ ಸಾಳುವ ನರಸಿಂಹನಂತೂ ಸತ್ತವಕ್ಕೂ ಹಣ ಕೊಡುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು.

ಆ ಪಯಣವನ್ನು ಗೊರಸಿನ ಕಡೆಯಿಂದ ನೆನೆದರೆ ಎದೆ ಭಾರವಾಗುತ್ತದೆ. ಒಣ ನೆಲದಲ್ಲಿ ಕಲ್ಲಿನಂತೆ ಗಟ್ಟಿಯಾದ ಗೊರಸು, ವಾರಗಟ್ಟಲೆ ಹಡಗಿನಲ್ಲಿ ಮೂತ್ರ, ಲದ್ದಿಯ ಮೇಲೆ ನಿಂತು ಮೆದುವಾಗಿ, ಕೊನೆಗೆ ಇಳಿಯುವುದು ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಾಡಿನಲ್ಲಿ. ಅಲ್ಲಿಂದ ಚೀರೆಕಲ್ಲಿನ ದಾರಿ, ಆಮೇಲೆ ಘಟ್ಟ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ಸಂಗತಿ ಹೇಳುತ್ತಾನೆ: ಕುದುರೆ ಮಾರುವವರು ತಮ್ಮ ನಾಡಿನ ಲಾಳಗಾರರನ್ನು ಮಾತ್ರ ಇತ್ತ ಬರಗೊಡುತ್ತಿರಲಿಲ್ಲ. ಕುದುರೆ ಬೇಗ ಸತ್ತಷ್ಟೂ ಅವರಿಗೆ ಹೊಸ ವ್ಯಾಪಾರ. ಕುದುರೆಗಿಂತ ಅದರ ಕಾಲು ನೋಡುವ ಕೈ ಅಪರೂಪ ಎಂಬುದು ಆ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಹದಿನಾರು ಶತಮಾನ ಹಿಂದೆ ಗ್ರೀಸಿನ ಕ್ಸೆನೊಫೊನ್ ಕುದುರೆ ಕೊಳ್ಳುವವನಿಗೆ ಮೊದಲು ಪಾದ ನೋಡು ಎಂದೇ ಹೇಳಿದ್ದ; ಲಾಯದ ಹೊರಗೆ ಉರುಟು ಕಲ್ಲು ಹಾಸಿ ಅದರ ಮೇಲೆ ನಿಲ್ಲಿಸಿ ಗೊರಸು ಗಟ್ಟಿಮಾಡುವ ಉಪಾಯವನ್ನೂ ಕೊಟ್ಟಿದ್ದ. ನಮ್ಮಲ್ಲಿ ಶಾಲಿಹೋತ್ರನ ಹೆಸರಿನ ಅಶ್ವವೈದ್ಯ ಪರಂಪರೆಯಿದೆ, ಕನ್ನಡದಲ್ಲೇ ಅಭಿನವಚಂದ್ರ ಎಂಬ ಕವಿ ಆ ವಿದ್ಯೆಯ ಗ್ರಂಥ ಬರೆದಿದ್ದಾನೆ. ಇಂದು ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳಿಗೆ, ದಸರೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸರ ಕುದುರೆಗಳಿಗೆ ಲಾಳ ಹೊಡೆಯುವ ನಾಲ್‌ಬಂದರು ಸಿಗುತ್ತಾರೆ. ಕಡಲತೀರದ ಕುದುರೆಗೆ ಸಿಗುವುದಿಲ್ಲ.

ಕರಾವಳಿಯಲ್ಲಿ ಕುದುರೆ ಸಾಕುವವರು ಮಾಡುವ ಒಂದು ತಪ್ಪು ತೀರಾ ಪ್ರೀತಿಯಿಂದ ಆಗುವಂಥದ್ದು. ದನದ ಕೊಟ್ಟಿಗೆಗೆ ಹಾಕುವ ಹಾಗೆ ಕುದುರೆಯ ಕೆಳಗೂ ಹಸಿ ಸೊಪ್ಪು, ದರಕು ಹಾಸುತ್ತಾರೆ. ಗೊಬ್ಬರಕ್ಕೆ ಅದು ಸರಿ. ಕುದುರೆ ಅದರ ಮೇಲೆ ನಿಂತರೆ ಗಾಳಿಯಾಡದ ಚಡಿಗಳಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಮನೆಮಾಡುತ್ತವೆ. ಹುಡುಗನ ಕುದುರೆಗೆ ಆಗಿದ್ದೂ ಅದೇ. ಇಳಿಜಾರು ಮಾಡಿದ ಚೀರೆಕಲ್ಲಿನ ನೆಲ, ಅದರ ಮೇಲೆ ಒಣ ಮರಳು ಇಲ್ಲವೇ ಮರದ ಹೊಟ್ಟು, ದಿನಕ್ಕೆರಡು ಸಲ ಲದ್ದಿ ತೆಗೆಯುವುದು, ಬೆಳಿಗ್ಗೆ ಸಂಜೆ ನಾಲ್ಕೂ ಗೊರಸು ಕೆರೆದು ಒರೆಸುವುದು. ಇಷ್ಟಾದರೆ ಮಳೆಗಾಲದ ಅರ್ಧ ಕಾಯಿಲೆ ಹತ್ತಿರ ಸುಳಿಯದು. ಉಳಿದರ್ಧಕ್ಕೆ ಆರೇಳು ವಾರಕ್ಕೊಮ್ಮೆ ಅರ ಹಿಡಿಯಬಲ್ಲ ಕೈ ಬೇಕು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗೂ ತುಸು ಕಡಿಮೆ ಬೆಳೆಯುತ್ತದೆ. ನಾಲ್ಕು ತಿಂಗಳು ಬಿಟ್ಟರೆ ಮುಂತುದಿ ಮೂರು ಸೆಂಟಿಮೀಟರ್ ಉದ್ದ. ಪ್ರತಿ ಹೆಜ್ಜೆಯಲ್ಲೂ ಕುದುರೆ ಆ ಉದ್ದವನ್ನು ಮಗುಚಿ ಕಾಲೆತ್ತಬೇಕು, ಹಿಮ್ಮಡಿಯ ಒಳಗಿನ ಸ್ನಾಯುರಜ್ಜು ಪ್ರತಿ ಸಲವೂ ಜಗ್ಗಿಸಿಕೊಳ್ಳಬೇಕು. ಒಣ ಸಡಿಲ ಮರಳಿನಲ್ಲಿ ಈ ಎಳೆತ ಇನ್ನೂ ಕೆಟ್ಟದ್ದು. ಸವಾರಿ ಮಾಡುವುದಿದ್ದರೆ ನೀರಿಗೆ ಹತ್ತಿರದ ಗಟ್ಟಿ ಮರಳಿನಲ್ಲೇ ಮಾಡಿ.

ಜೀನು ಮುಖ್ಯವಲ್ಲ ಎನ್ನುತ್ತಿಲ್ಲ. ಕೆಟ್ಟ ಜೀನು ಒಳ್ಳೆಯ ಗೊರಸಿನ ಕುದುರೆಯ ಬೆನ್ನನ್ನೂ ಹಾಳುಮಾಡುತ್ತದೆ. ಹಲ್ಲಿನ ನೋವೂ, ಸವಾರನ ವಾಲಿದ ಕೂರುವಿಕೆಯೂ ಮಾಡುತ್ತದೆ. ಆದರೆ ಹುಡುಕುವ ಕ್ರಮ ಕೆಳಗಿನಿಂದ ಮೇಲಕ್ಕೆ ಹೋಗಲಿ. ಗೊರಸು ಸರಿಯಾದ ಮೇಲೆ ಬೆನ್ನಿನ ಆಕಾರವೇ ಬದಲಾಗುತ್ತದೆ. ಮೊದಲೇ ಕೊಂಡ ದುಬಾರಿ ಜೀನು ಆಗ ಕೂರುವುದಿಲ್ಲ.

ಹುಡುಗ ಕೇಳಿದ, ಮಾಡಿದ. ಪಶುವೈದ್ಯರಿಗೆ ತೋರಿಸಿ ಕೊಳೆ ವಾಸಿಮಾಡಿಸಿದ, ಹುಬ್ಬಳ್ಳಿ ಕಡೆಯಿಂದ ನಾಲ್‌ಬಂದರೊಬ್ಬರನ್ನು ಕರೆಸಿ ಹಳೆಯ ಲಾಳ ಕೀಳಿಸಿದ. ಎರಡು ತಿಂಗಳು ಸವಾರಿ ನಿಲ್ಲಿಸಿದ್ದು ಅವನಿಗೆ ಸಣ್ಣ ನಷ್ಟವಲ್ಲ, ಅದೂ ಪ್ರವಾಸಿಗರ ಹಂಗಾಮಿನಲ್ಲಿ.

ಮೊನ್ನೆ ಮೇ ಕೊನೆಯ ವಾರ ಮತ್ತೆ ಹೋಗಿದ್ದೆ. ಇಳಿತದ ಹೊತ್ತು. ಅವನೇ ಕರೆದುಕೊಂಡು ಹೋಗಿ ಮರಳಿನ ಮೇಲೆ ಕೂತು ಗೇಣು ಹಾಕಿ ತೋರಿಸಿದ: ಹಿಂಗಾಲಿನ ಗುರುತು ಮುಂಗಾಲಿನ ಗುರುತನ್ನು ನಾಲ್ಕು ಬೆರಳು ದಾಟಿತ್ತು. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಕಡಲಿನತ್ತ ನೋಡುತ್ತ ಸುಮ್ಮನೆ ನಿಂತಿತ್ತು. ಕೂದಲಿನ ಅಂಚಿನಿಂದ ಇಳಿದ ಹೊಸ ಗೊರಸು ನೇರವಾಗಿ ಗಟ್ಟಿಯಾಗಿದೆ, ಆದರೆ ಬೆಳೆದಿರುವುದು ಅರ್ಧ ಮಾತ್ರ. ಅದು ನೆಲ ಮುಟ್ಟಲು ಈ ಮಳೆಗಾಲ ಪೂರ್ತಿ ದಾಟಬೇಕು.