ಸೂರು ಮರೆತ ಮನೆಗಳು

‘ತಲೆಯ ಮೇಲೊಂದು ಸೂರು’ ಎಂದಾಗ ಕನ್ನಡಿಗನು ಇಡೀ ಮನೆಯನ್ನೇ ಹೇಳಿದಂತಾಯಿತು. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ, ಸುಮಾರು 1100ರ ಕೈಟಭೇಶ್ವರ ದೇಗುಲದ ಶಿಲ್ಪಿ ಕಲ್ಲಿನಲ್ಲಿಯೂ ಸೂರನ್ನು ಹೊರಚಾಚಿದ. ತೆರೆದ ಮಂಟಪಕ್ಕೆ ಅದೇ ಕೊಡೆ. ಮಲೆನಾಡಿನ ಹೆಂಚಿನ ಮನೆಗಳದೂ ಇದೇ ವ್ಯಾಕರಣ. ಇಂದು ಶಿಕಾರಿಪುರ, ಸೊರಬಗಳಲ್ಲಿ ಏಳುವ ತಾರಸಿ ಮನೆಗಳಿಗೆ ಚೆಲುವಿನ ಮುಖವುಂಟು, ಸೂರಿಲ್ಲ. ಬೇಸಗೆಯಲ್ಲಿ ಚಾವಣಿ ಕಾಯುತ್ತದೆ, ಮಳೆಗೆ ಗೋಡೆ ನೆನೆಯುತ್ತದೆ. ಕೊನೆಗೆ, ಪುಸ್ತಕ ಅಚ್ಚಾದ ಮೇಲೆ ಸೇರಿಸುವ ಒಪ್ಪೋಲೆಯಂತೆ, ತಾರಸಿಯ ಮೇಲೊಂದು ತಗಡಿನ ಮಾಡು! ಭೂಮಿ ಬಿಸಿಯೇರಿದಂತೆ ಗಾಳಿ ಹೆಚ್ಚು ನೀರನ್ನು ಹೊರುತ್ತದೆ. ಮಳೆ ಒಮ್ಮೆಲೇ ಸುರಿಯುತ್ತದೆ. ಹಿಮದ ನಾಡಾದ ನಾರ್ವೆಯೂ ತನ್ನ ಮನೆಗಳನ್ನು ಹೆಚ್ಚುವ ಮಳೆಗೆ ಅಣಿಗೊಳಿಸುವ ಚಿಂತೆಯಲ್ಲಿದೆ. ಮಳೆಯ ನಡುವೆಯೇ ಬಾಳಿದ ನಾವು ಮನೆಯ ನಕ್ಷೆಯಲ್ಲಿ ಮೊದಲೇ ಎರಡಡಿ ಸೂರನ್ನು ಬರೆದುಕೊಳ್ಳಬಾರದೆ?