ಗೋಕಾವಿಯ ಧಬಧಬೆಯೂ ನಮ್ಮ ಸ್ಥಳವರ್ಣನೆಗಳೂ

ಪ್ರವಾಸಿಗಳ ಉಪಯೋಗಕ್ಕೆಂದು ಅಚ್ಚಾಗುವ ಸ್ಥಳವರ್ಣನೆಗಳನ್ನು ಸಾಹಿತ್ಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಇಲ್ಲ. ಕಾವ್ಯ, ನಾಟಕ, ಕಾದಂಬರಿಗಳಿಗೆ ವಿಮರ್ಶಕರು ಉಂಟು. ಬಸ್ ನಿಲ್ದಾಣದಲ್ಲಿ ಮಾರುವ ಕೈಪುಸ್ತಕಕ್ಕೂ, ಸ್ಮಾರಕದ ಬಾಗಿಲಲ್ಲಿ ನೆಟ್ಟ ಫಲಕಕ್ಕೂ, ಮಾರ್ಗದರ್ಶಕನ ಬಾಯಿಪಾಠಕ್ಕೂ ವಿಮರ್ಶಕರಿಲ್ಲ. ಆದರೆ ವಾಚಕರು ಒಂದು ಮಾತನ್ನು ಆಲೋಚಿಸಬೇಕು. ನಮ್ಮ ಮನೆಗಳಲ್ಲಿ ಒಂದು ಮಹಾಕಾವ್ಯವನ್ನು ಆದ್ಯಂತವಾಗಿ ಓದಿದವರು ಎಷ್ಟು ಮಂದಿ? ಇಂಥ ವರ್ಣನೆಯನ್ನು ಓದದೆ ಅಥವಾ ಕೇಳದೆ, ಮಕ್ಕಳನ್ನು ಕರೆದುಕೊಂಡು ಒಂದು ಸ್ಥಳವನ್ನು ನೋಡಿ ಬಂದವರು ಎಷ್ಟು ಮಂದಿ? ಇಷ್ಟು ಜನರ ಕಣ್ಣಿಗೆ ದಾರಿ ತೋರಿಸುವ ಬರಹವು ಪರೀಕ್ಷೆಗೆ ಒಳಪಡದೆ ಉಳಿಯುವುದು ಯುಕ್ತವಲ್ಲವೆಂದು ತಿಳಿದು, ಘಟಪ್ರಭೆಯ ಕಣಿವೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ವಿಜಯಪುರದವನಾದ ನಾನು ನಮ್ಮ ಗುಮ್ಮಟವನ್ನು ಬಿಟ್ಟು ನೆರೆಯ ಜಿಲ್ಲೆಯ ಜಲಪಾತಕ್ಕೆ ಹೋದದ್ದೇಕೆಂದು ಕೇಳುವವರಿಗೆ, ಗುಮ್ಮಟದ ಮಾತೂ ಮುಂದೆ ಬರುವುದುಂಟೆಂದು ಅರಿಕೆ.

ಮೊದಲು ಶಬ್ದವನ್ನೇ ನೋಡೋಣ. ‘ಪ್ರೇಕ್ಷಣೀಯ’ವೆಂದರೆ ನೋಡತಕ್ಕದ್ದು. ಈ ಶಬ್ದಕ್ಕೆ ಕಣ್ಣು ಒಂದೇ ಸಾಕು, ಕೈಕಾಲುಗಳು ಬೇಕಿಲ್ಲ. ನಮ್ಮ ಹಿರಿಯರು ಹೊರಟು ಹೋಗುತ್ತಿದ್ದ ಸ್ಥಳಕ್ಕೆ ‘ತೀರ್ಥ’ವೆಂದು ಹೆಸರು. ದಾಟುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಮಾತು ಹೊಳೆಗೆ ಇಳಿಯುವ ಜಾಗವನ್ನೂ, ಹೊಳೆ ಹಾಯುವ ಜಾಗವನ್ನೂ ಹೇಳುತ್ತಿತ್ತು. ಅಲ್ಲಿ ದನಗಳು ನೀರು ಕುಡಿಯುತ್ತಿದ್ದವು, ಅಗಸನು ಬಟ್ಟೆ ಒಗೆಯುತ್ತಿದ್ದನು, ಯಾತ್ರಿಕನು ಮೀಯುತ್ತಿದ್ದನು. ನೀರಿನ ಉಪಯೋಗವೂ ನೀರಿನ ಮಹಿಮೆಯೂ ಒಂದೇ ಮಾತಿನಲ್ಲಿ ಅಡಗಿದ್ದವು. ‘ಪ್ರವಾಸ’ವೆಂಬುದಕ್ಕಾದರೋ ಮನೆ ಬಿಟ್ಟು ಬೇರೆಡೆಯಲ್ಲಿ ವಾಸಿಸುವುದೆಂದು ಅರ್ಥ, ಆಲಂಕಾರಿಕರು ವಿಪ್ರಲಂಭಶೃಂಗಾರದಲ್ಲಿ ಇದಕ್ಕೊಂದು ಸ್ಥಾನವನ್ನೇ ಕೊಟ್ಟಿದ್ದಾರೆ. ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಈಗಿನ ಪ್ರವಾಸಿಗೆ ವಿರಹವಂತೂ ಇಲ್ಲ; ಬುತ್ತಿಯ ಚಿಂತೆಯೇ ಹೆಚ್ಚು.

ಇನ್ನು ವಿಷಯಕ್ಕೆ ಬರುತ್ತೇನೆ. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಬೆಳಗಾವಿ ಜಿಲ್ಲೆಯನ್ನು ಹಾಯ್ದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗೋಕಾವಿಯ ಹತ್ತಿರ ಮರಳುಗಲ್ಲಿನ ಬಂಡೆಯ ಮೇಲಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ಬಂಡೆಯ ಅಂಚು ಕುದುರೆಯ ಲಾಳದಂತೆ ಬಾಗಿದೆ. ಎರಡೂ ದಂಡೆಗಳಲ್ಲಿ ಚಾಲುಕ್ಯಶೈಲಿಯ ಹಳೆಯ ಗುಡಿಗಳು; ದಂಡೆಯಿಂದ ದಂಡೆಗೆ ಸುಮಾರು 660 ಅಡಿ ಉದ್ದದ ತೂಗುಸೇತುವೆ. ಇಷ್ಟನ್ನು ಎಲ್ಲ ವರ್ಣನೆಗಳೂ ಹೇಳುತ್ತವೆ, ಸರಿಯಾಗಿಯೇ ಹೇಳುತ್ತವೆ. ಆಮೇಲೆ ಬರುವುದು ಉಪಮೆ: ಇದು ಭಾರತದ ನಯಾಗರವಂತೆ.

ಉಪಮಾನವು ಕೇಳುವವನಿಗೆ ಪ್ರಸಿದ್ಧವಾಗಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಮುಖವನ್ನು ಚಂದ್ರನಿಗೆ ಹೋಲಿಸುವುದು ಚಂದ್ರನನ್ನು ಎಲ್ಲರೂ ಕಂಡಿರುವುದರಿಂದ. ಟಿಕೋಟಾದ ರೈತನಿಗೆ, ಬಬಲೇಶ್ವರದ ಅಂಗಡಿಕಾರನಿಗೆ ನಯಾಗರವು ಎಂದು ಪ್ರಸಿದ್ಧವಾಯಿತು? ಕಾಣದ್ದನ್ನು ತೋರಿಸಿ ಕಂಡದ್ದನ್ನು ತಿಳಿಸಹೊರಟ ಈ ಉಪಮೆಯು ತಲೆಕೆಳಗಾಗಿ ನಿಂತಿದೆ. ಸಾಧರ್ಮ್ಯವನ್ನಾದರೂ ವಿಚಾರಿಸೋಣ. ಎತ್ತರದಲ್ಲಿ ಎರಡೂ ಹೆಚ್ಚು ಕಡಮೆ ಸಮ; ಅಗಲದಲ್ಲಿ, ನೀರಿನ ಮೊತ್ತದಲ್ಲಿ ಹೋಲಿಕೆಯೇ ಸಲ್ಲದು. ಆದರೆ ವಿನೋದವೆಂದರೆ, ನಿಜವಾದ ಸಾಧರ್ಮ್ಯವೊಂದು ಉಂಟು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎರಡೂ ಕಡೆ ಬೀಳುವ ನೀರನ್ನು ಮನುಷ್ಯನು ದುಡಿಮೆಗೆ ಹಚ್ಚಿದ್ದಾನೆ. ನಯಾಗರದ ದೊಡ್ಡ ವಿದ್ಯುದಾಗಾರವು ಕೆಲಸವನ್ನು ಆರಂಭಿಸಿದ್ದು 1895ರಲ್ಲಿ. ಗೋಕಾವಿಯ ನೂಲಿನ ಗಿರಣಿಯು ಘಟಪ್ರಭೆಯ ಬಲದಿಂದ ತಿರುಗಹತ್ತಿದ್ದು ಅದಕ್ಕೂ ಎಂಟು ವರ್ಷ ಮೊದಲು, 1887ರಲ್ಲಿ. ಉಪಮೆಯನ್ನು ಮಾಡಿದವರಿಗೆ ತಮ್ಮ ಉಪಮೆಯ ಸಾರವೇ ತಿಳಿಯದೆ ಹೋಯಿತು.

ಗಿರಣಿಯ ಮಾತು ವರ್ಣನೆಗಳಲ್ಲಿ ಬರುವುದೇ ಇಲ್ಲವೆಂದಲ್ಲ. ಬರುತ್ತದೆ, ಆದರೆ ಅತಿಶಯೋಕ್ತಿಯ ವೇಷದಲ್ಲಿ. ಜಲಶಕ್ತಿಯ ಉಪಯೋಗದಲ್ಲಿ ‘ಏಷ್ಯಾಖಂಡಕ್ಕೇ ಮೊದಲನೆಯದು’ ಎಂಬ ಬಿರುದನ್ನು ಗೋಕಾವಿಯಲ್ಲಿ ಕೇಳುತ್ತೇವೆ. ಇದೇ ಬಿರುದನ್ನು ಶಿವನಸಮುದ್ರದಲ್ಲಿಯೂ ಕೇಳುತ್ತೇವೆ. ದಾರ್ಜಿಲಿಂಗಿನವರೂ ಇದಕ್ಕೆ ಹಕ್ಕುದಾರರು. ಮೂರು ಊರುಗಳಿಗೆ ಮೂವರು ಜ್ಯೇಷ್ಠಪುತ್ರರು! ದಾರ್ಜಿಲಿಂಗಿನಲ್ಲಿ ವಿದ್ಯುತ್ತು ಹುಟ್ಟಿದ್ದು 1897ರಲ್ಲಿ. ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಊರಿನ ದೀಪ, ದೂರದ ಗಣಿ, ದಂಡೆಯ ಮೇಲಿನ ಗಿರಣಿ, ಇವು ಬೇರೆ ಬೇರೆ ಕಾರ್ಯಗಳು. ಇವುಗಳ ಭೇದವನ್ನು ತಿಳಿಸಿದರೆ ಓದುವವನ ಬುದ್ಧಿ ಬೆಳೆಯುತ್ತದೆ. ‘ಮೊದಲನೆಯದು’ ಎಂದರೆ ಬರಿಯ ಹುಬ್ಬು ಏರುತ್ತದೆ. ನೀರು ಎತ್ತರದಿಂದ ಕೊಳವೆಯಲ್ಲಿ ಇಳಿದು, ತಳದ ಚಕ್ರಗಳನ್ನು ತಿರುಗಿಸಿ, ಆ ಬಲವು ಮೇಲಿನ ಕದಿರುಗಳನ್ನು ಹೇಗೆ ಮುಟ್ಟಿತು? ಕಪ್ಪು ಮಣ್ಣಿನ ಹತ್ತಿಯು ಇಲ್ಲಿಯೇ ಬಂದು ನೂಲಾಗಬೇಕಾದ ಕಾರಣವೇನು? ಹಿಂಡುಹಿಂಡಾಗಿ ಹೊತ್ತು ಮೂಡುವ ಮೊದಲೇ ಭೋಂಗಾದ ಸದ್ದಿಗೆ ಎದ್ದು ಹೋಗುತ್ತಿದ್ದವರು ಯಾರು? ಗಿರಣಿಯ ವಸತಿಗಳೂ ಕೊಣ್ಣೂರಿನ ಓಣಿಗಳೂ ಈ ಪ್ರಶ್ನೆಗಳಿಗೆ ಉತ್ತರವಾಗಿ ಅಲ್ಲಿಯೇ ನಿಂತಿವೆ. ವರ್ಣನೆಯು ಅತ್ತ ತಿರುಗಿ ನೋಡುವುದಿಲ್ಲ.

ಸ್ಥಳವನ್ನು ವರ್ಣಿಸುವ ಕ್ರಮಕ್ಕೆ ನಮ್ಮಲ್ಲಿ ಮಾದರಿ ಇಲ್ಲದಿದ್ದರೆ ಈ ದೋಷವನ್ನು ಕ್ಷಮಿಸಬಹುದಿತ್ತು. ಕಾಳಿದಾಸನ ಮೇಘದೂತದ ಪೂರ್ವಭಾಗವೆಂದರೇನು? ದಾರಿಯನ್ನರಿಯದ ಪ್ರಯಾಣಿಕನೊಬ್ಬನಿಗೆ ಹೇಳಿದ ಸ್ಥಳವರ್ಣನೆಯೇ ಅಲ್ಲವೆ? ರಾಮಗಿರಿಯಿಂದ ಅಲಕೆಯವರೆಗೆ ಯಾವ ಬೆಟ್ಟದಲ್ಲಿ ಇಳಿಯಬೇಕು, ಯಾವ ಹೊಳೆಯ ನೀರನ್ನು ಕುಡಿಯಬೇಕು, ಉಜ್ಜಯಿನಿಯನ್ನು ನೋಡಲು ಎಲ್ಲಿ ದಾರಿ ಬಿಟ್ಟು ತಿರುಗಬೇಕು, ಎಲ್ಲವನ್ನೂ ಯಕ್ಷನು ಹೇಳುತ್ತಾನೆ. ಆದರೆ ಅವನ ಮೇಘವು ಬರಿಯ ಪ್ರೇಕ್ಷಕನಲ್ಲ. ಬೆಳೆಯು ನಿನ್ನ ಕೈಯಲ್ಲಿದೆಯೆಂದು ಹಳ್ಳಿಯ ಹೆಂಗಸರು ನಿನ್ನನ್ನು ನೋಡುವರೆಂದು ಯಕ್ಷನು ಅದಕ್ಕೆ ಎಚ್ಚರ ಕೊಡುತ್ತಾನೆ. ಹೂ ಬಿಡಿಸುವ ಹೆಂಗಸರು ಕೆನ್ನೆಯ ಬೆವರನ್ನು ಒರಸಿಕೊಂಡು ದಣಿದಿರುವರೆಂದೂ, ಕ್ಷಣಕಾಲ ಅವರಿಗೆ ನೆರಳಾಗಬೇಕೆಂದೂ ಹೇಳುತ್ತಾನೆ. ವಿರಹದ ತಾಪದಲ್ಲಿ ಬೇಯುತ್ತಿದ್ದ ಯಕ್ಷನಿಗೆ ದುಡಿಯುವವರ ಬೆವರು ಕಂಡಿತು. ಯಾವ ತಾಪವೂ ಇಲ್ಲದ ನಮ್ಮ ಲೇಖಕರಿಗೆ ಅದು ಕಾಣಲಿಲ್ಲ. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದನು. ‘ಮೊದಲನೆಯದು’ ಎಂಬ ಮಾತಿನ ಮೇಲೆ ಅಷ್ಟು ಪ್ರೀತಿಯುಳ್ಳವರು ಇದನ್ನಾದರೂ ನೆನೆಯಬಹುದಿತ್ತು.

ಈ ವಿಮರ್ಶೆಯಿಂದ ನನ್ನನ್ನು ನಾನು ಹೊರಗಿಟ್ಟುಕೊಂಡಿಲ್ಲ. ನಾನು ಮಾಸ್ತರನಾಗಿದ್ದಾಗ ಒಂದು ಬೇಸಗೆಯ ಮೊದಲಲ್ಲಿ ಹುಡುಗರನ್ನು ಗೋಕಾವಿಗೆ ಕರೆದೊಯ್ದಿದ್ದೆನು. ದಾರಿಯುದ್ದಕ್ಕೂ ಕೈಪುಸ್ತಕದ ಗರ್ಜನೆ, ತುಷಾರ, ಕಾಮನಬಿಲ್ಲುಗಳನ್ನು ನನ್ನ ಬಾಯಿಂದ ಕೇಳಿ ಕೇಳಿ ಹುಡುಗರು ಹಿಗ್ಗಿದ್ದರು. ಹೋಗಿ ನೋಡಿದರೆ ಬತ್ತಿದ ಬಂಡೆ. ಒಂದು ಮೂಲೆಯಲ್ಲಿ ಎರಡು ಎಳೆ ನೀರು. ಟಿಕೋಟಾದ ಕಡೆಯ ಒಬ್ಬ ಹುಡುಗನು, ಹೊಲಮನೆಯವನು, ಬಹಳ ಹೊತ್ತು ನೋಡಿ, “ಗುರುಗಳ, ನೀರು ಎಲ್ಲಿ ಹೋಯ್ತರಿ?” ಎಂದು ಕೇಳಿದನು. “ಮಳೆಗಾಲದಾಗ ಬರಬೇಕಾಗಿತ್ತೊ ತಮ್ಮಾ” ಎಂದು ಹೇಳಿ ನಾನು ಬುತ್ತಿ ಬಿಚ್ಚಿಸಿದೆನು. ಹುಡುಗನು ಕೇಳಿದ್ದು ಕಾಲವನ್ನಲ್ಲ, ಸ್ಥಳವನ್ನು. ಆ ಪ್ರಶ್ನೆಗೆ ಉತ್ತರವು ಕಣ್ಣಳತೆಯಲ್ಲಿಯೇ ಇತ್ತು. ಜಲಪಾತದ ಮೇಲುಗಡೆ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಡ್ಡನ್ನು ಕಟ್ಟಿ ಕಾಲುವೆ ತೆಗೆದರು; ಅದಕ್ಕೂ ಮೇಲೆ ಹಿಡಕಲ್ ಆಣೆಕಟ್ಟು 1977ರಲ್ಲಿ ಮುಗಿಯಿತು. ಬಂಡೆಯ ಮೇಲಿಂದ ಬೀಳದ ನೀರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಹೋಗಿದೆ. ಹಾಗಾದರೆ ಬತ್ತಿದ ಬಂಡೆಯೂ ನೋಡತಕ್ಕದ್ದೇ. ನೀರು ಕೆಲಸಕ್ಕೆ ಹೋದ ಮನೆ ಅದು. ಇಷ್ಟನ್ನು ಆ ಹುಡುಗನಿಗೆ ಹೇಳದೆ ಹೋದದ್ದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ. ನೀರಿನ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲ ಮನೆಯಿಂದ ಬಂದವನು ಅವನು.

ಅದೇ ದಾರಿಯಲ್ಲಿ ಇನ್ನೊಂದು ತಪ್ಪು. ಬಬಲೇಶ್ವರವನ್ನು ಬಿಟ್ಟು ಜಮಖಂಡಿಯ ಕಡೆಗೆ ಹೋಗುವಾಗ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟುತ್ತೇವೆ. ಅಲ್ಲಿಯ ಬ್ಯಾರೇಜಿಗೆ ಶ್ರಮಬಿಂದು ಸಾಗರವೆಂದು ಹೆಸರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಕಟ್ಟಿ ಮುಗಿಸಿದ್ದು. ಹೆಸರಿನಲ್ಲಿಯೇ ಕಾವ್ಯವಿರುವ ಈ ಸ್ಥಳದಲ್ಲಿ ಪ್ರವಾಸದ ಬಸ್ಸುಗಳು ನಿಲ್ಲುವುದಿಲ್ಲ.

ಈಗ ನಮ್ಮ ಊರಿನ ಮಾತು. 1656ರ ಗೋಳಗುಮ್ಮಟದಲ್ಲಿ ಮಾರ್ಗದರ್ಶಕನು ಪಿಸುಮಾತನ್ನು ಗೋಡೆಗೆ ಕೊಟ್ಟು ಎದುರು ಗೋಡೆಯಿಂದ ತೆಗೆದುಕೊಳ್ಳುತ್ತಾನೆ. ಜನ ಚಪ್ಪಾಳೆ ತಟ್ಟಿ ಪ್ರತಿಧ್ವನಿಯನ್ನು ಎಣಿಸುತ್ತಾರೆ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿ. ಅದು ಇರಲಿ, ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಆ ಗುಮ್ಮಟದ ಕಾಲದ ಪಟ್ಟಣವು ಕುಡಿಯುತ್ತಿದ್ದುದು ಏನನ್ನು? ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಮಹಮ್ಮದ ಆದಿಲಶಾಹನು ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ಊರೊಳಗೆ ಬಂದವು. ನಡುನಡುವೆ ‘ಗಂಜ್’ ಎಂಬ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸಿ ಕೆಸರನ್ನು ತಳಕ್ಕೆ ಇಳಿಸುತ್ತಿದ್ದವು. ಉಪ್ಪುನೀರಿನ ಡೋಣಿಯ ಸೀಮೆಯಲ್ಲಿ ಇದು ಸಣ್ಣ ಸಾಹಸವಲ್ಲ. ಹೆನ್ರಿ ಕಝಿನ್ಸನು 1916ರಲ್ಲಿ ಹೊರಬಂದ ತನ್ನ ದೊಡ್ಡ ಗ್ರಂಥದಲ್ಲಿ ಗುಮ್ಮಟ ಮಸೀದಿಗಳ ಜೊತೆಗೆ ಈ ನೀರಿನ ಏರ್ಪಾಡನ್ನೂ ಮರೆಯದೆ ವಿವರಿಸಿದ್ದಾನೆ. ಪರದೇಶದವನಿಗೆ ತೋಚಿದ್ದು ನಮಗೆ ಏಕೆ ತೋಚಬಾರದು? ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯ ಹೂಳನ್ನು ತೆಗೆದ ಮೇಲೆ ಜನ ಅದರ ಮೆಟ್ಟಿಲ ಬಳಿ ನಿಂತು ನೀರನ್ನು ನೋಡುವುದುಂಟು. ಆ ನೋಟದಲ್ಲಿ ಚಪ್ಪಾಳೆಯಿಲ್ಲ, ಬೇರೊಂದು ಗೌರವವಿದೆ.

ನನ್ನ ಸ್ನೇಹಿತರೊಬ್ಬರು ಈ ವಾದವನ್ನು ಕೇಳಿ, “ವರ್ಷಕ್ಕೊಮ್ಮೆ ಹೆಂಡಿರು ಮಕ್ಕಳೊಡನೆ ಹೊರಗೆ ಹೋಗುವವನಿಗೆ ಅಲ್ಲಿಯೂ ಗಿರಣಿ, ಕಾಲುವೆಗಳ ಪಾಠವೇನು ಶಾಸ್ತ್ರಿಗಳೇ? ಅವನು ದಣಿವಾರಿಸಿಕೊಳ್ಳಲಿ” ಎಂದರು. ಇದು ತಳ್ಳಿಹಾಕತಕ್ಕ ಮಾತಲ್ಲ. ದಣಿದವನಿಗೆ ತಂಪುಗಾಳಿಯೇ ಸಾಕು, ವರ್ಣನೆಯೂ ಬೇಡ. ಆದರೆ ವರ್ಣನೆಯನ್ನು ಬರೆಯಹೊರಟವನು ಆ ಸಡಿಲಿಕೆಯನ್ನು ತನಗೆ ತೆಗೆದುಕೊಳ್ಳಬಾರದು. ಕೈಪುಸ್ತಕದಲ್ಲಿ ಜಾಗ ಕಡಮೆ ಎಂಬುದನ್ನೂ ಬಲ್ಲೆ. ನಯಾಗರಕ್ಕೂ ಏಷ್ಯಾಖಂಡಕ್ಕೂ ಕೊಟ್ಟ ಜಾಗದಲ್ಲಿಯೇ ಇದೂ ಹಿಡಿಸುತ್ತದೆ. ಮುಂದಿನ ಮುದ್ರಣವನ್ನು ಹೊರಡಿಸುವ ಮಹನೀಯರ ಉಪಯೋಗಕ್ಕೆ ಒಂದು ಮಾದರಿಯನ್ನು ಬರೆದಿಡುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಲಿ:

“ಮಳೆಗಾಲದಲ್ಲಿ ಬಂದವರು ಸೇತುವೆಯ ಮೇಲೆ ನಿಂತು ಬೀಳುವ ನೀರನ್ನು ನೋಡಬಹುದು. ಬೇಸಗೆಯಲ್ಲಿ ಬಂದವರು ಮೊದಲು ಧೂಪದಾಳಕ್ಕೆ ಹೋಗಿ ನೀರು ಕಾಲುವೆಗೆ ತಿರುಗುವುದನ್ನು ನೋಡಿ, ಅನಂತರ ಬಂಡೆಗೆ ಬರಬೇಕು. ದಂಡೆಯ ಗುಡಿಗಳಲ್ಲಿ ಹೊತ್ತು ಕಳೆದು, ಸಂಜೆ ಕೊಣ್ಣೂರಿನ ಕಡೆ ನಡೆದರೆ, ಗಿರಣಿಯಲ್ಲಿ ನೂಲು ತೆಗೆದ ಹಿರಿಯರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಕೇಳಿದರೆ ಹೇಳುತ್ತಾರೆ.”